ಮಿಷನ್ನಿನ ತೂತಿನಲ್ಲಿ ಕುಂಕುಮ

ಗೆಳತಿಯರೇ, ಇವತ್ತು ಮಧ್ಯಾಹ್ನ ನಡೆದದ್ದು ಕೇಳಿ. ಅತ್ತೆಗೆ ಅವರ ಅಮ್ಮನಿಂದ ಬಂದ ಹೊಲಿಗೆ ಮಿಷನ್ನು ಬಿಗಿದುಕೊಂಡಿತ್ತು. ಸಂಜೆಯೊಳಗೆ ಮದುವೆ ಹೆಣ್ಣಿನ ರವಿಕೆ ಕೊಡಬೇಕು. ಅತ್ತೆ ಪಾವಗಡಕ್ಕೆ ಹೊರಟರಲ್ಲ ಎಂದು ಧೈರ್ಯ ಮಾಡಿ ಸೀಮೆಎಣ್ಣೆ ಹಾಕಿ ಉಜ್ಜಿದೆ. ಎಣ್ಣೆ ಬಿಡುವ ತೂತುಗಳ ತುಂಬ ಎಷ್ಟೋ ಆಯುಧಪೂಜೆಗಳ ಕುಂಕುಮ! ಎಣ್ಣೆ ಒಳಗಿಳಿಯುವುದಾದರೂ ಹೇಗೆ? ಸೂಜಿಯಿಂದ ಕೆದಕುತ್ತಿದ್ದೆ, ಬಸ್ಸು ತಪ್ಪಿಸಿಕೊಂಡ ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಅಯ್ಯೋ, ನಮ್ಮವ್ವ ಇಟ್ಟ ಕುಂಕುಮ ಅಳಿಸ್ಬುಟ್ಯೇನೇ? ಮನೆಗೆ ಏನಾರಾ ಆದ್ರೆ?"

ಹೊಸ ಎಣ್ಣೆ ಬಿಟ್ಟು, ದೇವರನ್ನು ನೆನೆದು ಚಕ್ರ ತಿರುಗಿಸಿದೆ. ಮಿಷನ್ನು ಸರಾಗವಾಗಿ ಓಡಿತು.

ಅತ್ತೆಯ ಕಣ್ಣು ತುಂಬಿತು. "ನಮ್ಮವ್ವ ಹೊಲಿಯೋವಾಗ ಇಂಗೇ ಸದ್ದು ಬರ್ತಿತ್ತು ಕಣಮ್ಮ," ಎನ್ನುತ್ತ ಕುಂಕುಮದ ಭರಣಿ ತಂದು, ಸರಿಯಾಗಿ ಅದೇ ತೂತಿನ ಮೇಲೆ ಹಚ್ಚಿದರು.

ಸೀಮೆಎಣ್ಣೆ ಡಬ್ಬಿಯನ್ನು ನಾನಿನ್ನೂ ಒಳಗಿಟ್ಟಿಲ್ಲ.