ಟವಲಿನ ಕೆಳಗೆ ಬೆಳೆದ ಮೂಳೆ

ಕುರಿ ದಲ್ಲಾಳಿಯ ಹೆಬ್ಬೆರಳಿಗೆ ಸುಮ್ಮನಿರಲು ಬಾರದು. ಕುರಿಯ ಬೆನ್ನು ಕಂಡರೆ ಸಾಕು, ಒತ್ತಿ ನೋಡುತ್ತದೆ: ಮೂಳೆ ಎಷ್ಟು, ಮಾಂಸ ಎಷ್ಟು? ಬಸ್ಸಿನಲ್ಲಿ ಪಕ್ಕದವರ ಹಲಸಿನಹಣ್ಣನ್ನೂ ಕೇಳದೆ ಒತ್ತಿ, ಬೆಲೆ ಕಟ್ಟಿ, ಬೈಸಿಕೊಂಡವನು ನಾನು. ಇಂಥವನ ತಲೆಯಲ್ಲೇ ಒಂದು ತೂತು ಬಿದ್ದರೆ ಗತಿಯೇನು, ನೀವೇ ಹೇಳಿ.

ಎಂಬತ್ತರ ದಶಕದ ಮಾತು. ಮಿಡಿಗೇಶಿಯಲ್ಲಿ ಬಸ್ಸಿನ ಮೇಲೆ ಟಗರು ಕಟ್ಟಲು ಹತ್ತಿದವನು ಕಂಡಕ್ಟರನ ಜೊತೆ ಲಗೇಜಿನ ಚೌಕಾಸಿ ಮಾಡುತ್ತಲೇ ಏಣಿಯಿಂದ ಜಾರಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡೆ. ಟಗರಿಗೆ ಏನೂ ಆಗಲಿಲ್ಲ. ನನಗೆ ಕೆಲವು ವಾರಗಳ ಮೇಲೆ ತಲೆನೋವು ಹೆಚ್ಚಿ, ಬೆಂಗಳೂರಿನ ಆಸ್ಪತ್ರೆಯಲ್ಲಿ ಬುರುಡೆಗೆ ತೂತು ಕೊರೆದು ಹೆಪ್ಪುಗಟ್ಟಿದ ರಕ್ತ ತೆಗೆದರು.

"ತೂತು ಹಂಗೇ ಬುಟ್ರಾ ಸಾಮಿ?" ಎಂದು ಕೇಳಿದೆ.

"ಇಲ್ಲ. ಕೊರೆದಾಗ ಬಂದ ನಿಮ್ಮದೇ ಮೂಳೆ ಪುಡಿಯನ್ನ ಒಂದು ಥರದ ಸ್ಪಂಜಿನ ಜೊತೆ ಸೇರಿಸಿ ತುಂಬಿದ್ದೀವಿ. ಮೂಳೆ ಬೆಳೆಯೋಕೆ ಅದು ಆಸರೆ. ಆಮೇಲೆ ಸ್ಪಂಜು ತಾನೇ ಕರಗಿಹೋಗುತ್ತೆ" ಎಂದರು ಡಾಕ್ಟರು.

ಕರಗಿಹೋಗುತ್ತದೆ! ನನ್ನೊಳಗಿನ ವ್ಯಾಪಾರಿ ಮಂಚದ ಮೇಲೆ ಎದ್ದು ಕುಳಿತ. "ಕರಗೋ ಮಾಲು ಯಾಕಾಕಿದ್ರಿ? ಉಕ್ಕಿನ ತಗಡು ಬಡಿದಿದ್ರೆ ಮೊಮ್ಮಕ್ಕಳ ಕಾಲಕ್ಕೂ ಇರ್ತಿತ್ತು."

"ಮೊಮ್ಮಕ್ಕಳಿಗೆ ತಲೆ ಬಿಟ್ಟುಹೋಗ್ತೀರಾ? ಅದು ಕರಗಿ ಜಾಗ ಬಿಟ್ಟರೆ ತಾನೇ ಮೂಳೆ ಬರೋದು? ಬಂದೇ ಬರುತ್ತೆ ಅಂತ ಭರವಸೆ ಕೊಡಲಾರೆ. ಬರದಿದ್ದರೆ ಟಗರಿನ ಸಂತೆ ಮರೆತುಬಿಡಿ. ಒಂದು ಗುದ್ದು ಸಾಕು. ಬೆರಳಂತೂ ಹಾಕಲೇಬೇಡಿ."

ಸಂತೆ ಮರೆತರೆ ನನ್ನಲ್ಲಿ ಉಳಿಯುವುದೇನು? ಬೇರೆ ಕಸುಬು ನನಗೆ ಗೊತ್ತಿಲ್ಲ.

ನಮ್ಮ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿಯೇ ಮುಗಿಸುತ್ತೇವೆ. ಮನೆಗೆ ಬಂದ ಮೇಲೆ ನಾನೂ ತಲೆಗೆ ಟವಲು ಹೊದ್ದು, ಒಳಗೊಳಗೇ ಬೆರಳಾಡಿಸಿ ಮೂಳೆಯೊಂದಿಗೆ ಮಾತುಕತೆಗೆ ಇಳಿದೆ. ಎಷ್ಟಕ್ಕೆ ಬಂದೆ? ಇನ್ನೊಂದಿಷ್ಟು ಬಾ. ಅಷ್ಟು ಬಿಗಿ ಗಿರಾಕಿಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

ಹೆಂಡತಿ ಲಕ್ಕಮ್ಮ ಹಿಡಿದುಬಿಟ್ಟಳು. "ಅದ್ಯಾರ್ ಜೊತೆ ಯಾಪಾರ ನಡ್ಸಿದ್ದೀರಿ ಅಲ್ಲಿ? ಕೈ ತೆಗೀರಿ ಮೊದ್ಲು! ಮರಿ ಕಾಲು ಮುರಿದಾಗ ದಬ್ಬೆ ಕಟ್ತೀರಲ್ಲ, ದಿನಾ ಬಿಚ್ಚಿ ನೋಡ್ತೀರಾ?"

"ಮರಿ ಸುಮ್ನಿರ್ತದೆ ಕಣೇ."

"ಅದುಕ್ಕೆ ಬುದ್ಧಿ ಐತೆ, ಇರ್ತದೆ."

ಅಂದಿನಿಂದ ಟವಲನ್ನು ಅವಳೇ ಬಿಗಿದು ಗಂಟು ಹಾಕತೊಡಗಿದಳು. ನಿಮಗೊಂದು ಬುದ್ಧಿಮಾತು: ಯಾರ ಹತ್ತಿರ ಬೇಕಾದರೂ ಚೌಕಾಸಿ ಮಾಡಿ, ಗಾಯದ ಹತ್ತಿರ ಬೇಡ.

ತಿಂಗಳುಗಳು ಕಳೆದು ಮತ್ತೆ ಬೆಂಗಳೂರಿಗೆ ಹೋದೆ. ಡಾಕ್ಟರು ಹೆಬ್ಬೆರಳಿನಿಂದ ನನ್ನ ತಲೆ ಒತ್ತಿದರು, ನಾನು ಕುರಿಯ ಬೆನ್ನು ಒತ್ತುವ ಹಾಗೆಯೇ. ಉಸಿರು ಬಿಗಿಹಿಡಿದು ನಿಂತಾಗ ಕುರಿಯ ಕಷ್ಟ ಏನೆಂದು ಗೊತ್ತಾಯಿತು.

"ಗಟ್ಟಿಯಾಗಿದೆ. ಸಂತೆಗೆ ಹೋಗಿ" ಎಂದರು.

"ಆ ಸ್ಪಂಜು ಸಾಮಿ?"

"ಅದು ಯಾವತ್ತೋ ಹೋಯ್ತು."

ಬಸ್ಸಿನುದ್ದಕ್ಕೂ ಅದೇ ಯೋಚನೆ. ಎರಡು ಕಡೆಯ ಮೂಳೆ ಕೂಡುವವರೆಗೆ ನಡುವೆ ಇದ್ದು, ಕೂಡುತ್ತಿದ್ದಂತೆ ಸದ್ದಿಲ್ಲದೆ ಜಾಗ ಖಾಲಿ ಮಾಡಿದ ಆ ಸ್ಪಂಜಿಗಿಂತ ಒಳ್ಳೆಯ ದಲ್ಲಾಳಿ ಉಂಟೇ? ನಾನಾದರೋ ವ್ಯಾಪಾರ ಮುಗಿದರೂ ಏಳುವವನಲ್ಲ. ಇಬ್ಬರ ನಡುವೆ ಕೂತು ಟೀ ಕುಡಿದು, ಮೇವಿನಿಂದ ಮಗಳ ಮದುವೆವರೆಗೆ ಬುದ್ಧಿ ಹೇಳಿ, ಕೂಡಿದ ಕೈ ಬಿಡಿಸಿದ್ದೂ ಉಂಟು. ಇನ್ನು ಮೇಲೆ ಕರಗಿಬಿಡಬೇಕು ಎಂದುಕೊಂಡೆ.

ಮುಂದಿನ ಸಂತೆಯಲ್ಲಿ ಗೌಡಗೆರೆಯ ಕುರಿಯವನಿಗೂ ಶಿರಾದ ಹಳೇ ಗಿರಾಕಿ ರಹೀಮ್ ಸಾಬರಿಗೂ ಟವಲಿನ ಕೆಳಗೆ ಕೈ ಕೂಡಿಸಿ, ಮಾತಿಲ್ಲದೆ ಎದ್ದು ಹೊರಟೆ. ಸಾಬರು ಗಾಬರಿಯಾದರು.

"ಅರೆ, ಯಜಮಾನ್ರೇ! ಬುದ್ಧಿ ಹೇಳ್ದೇನೇ ಹೊಂಟ್ರಾ? ತಲೆ ಇನ್ನೂ ಕೂಡಿಲ್ವಾ?"

ಕೂಡಿದೆಯೆಂದು ತೋರಿಸಲು ಮತ್ತೆ ಕುಳಿತೆ. ಟೀ ಬಂತು. ಸ್ಪಂಜಿಗಾದರೆ ಬಾಯಿಲ್ಲ, ಸುಲಭವಾಗಿ ಕರಗಿಬಿಡುತ್ತದೆ.