ಮದುವೆಯಾಗದ ಗೃಹಸ್ಥ

‘ಗೃಹಸ್ಥ’ ಎಂದರೆ ಸ್ವಂತ ಮನೆಯುಳ್ಳವನು ಎಂದೇ ನಾನು ನಂಬಿದ್ದೆ. ಬಾಡಿಗೆ ಕೋಣೆಯವನಿಗೆ ಸಭ್ಯ ಗೃಹಸ್ಥನಾಗುವ ಯೋಗವಿಲ್ಲವೆಂದು ಸಭ್ಯತೆಯ ಗೋಜಿಗೂ ಹೋಗಿರಲಿಲ್ಲ. ಹಾಗಲ್ಲವೆಂದು ತಿಳಿಯುವ ಹೊತ್ತಿಗೆ ಐನೂರು ಪ್ರತಿ ಅಚ್ಚಾಗಿತ್ತು.

ನಮ್ಮ ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕರಡು ತಿದ್ದುವವರು ಕರಡಿಯಕ್ಕ. ಕರಡಕ್ಕ ಕರಡಿಯಕ್ಕ ಆದದ್ದು ತಮ್ಮ ಕಣ್ಣು ತಪ್ಪಿಸಿದ ಒಂದೇ ಅಚ್ಚಿನ ದೋಷ ಎನ್ನುತ್ತಿದ್ದರು. ಸಾಲಿನಡಿ ಮರದ ಸ್ಕೇಲಿಟ್ಟು, ತುಟಿ ಅಲುಗಿಸುತ್ತ ಓದುವರು. ಟೈಪು ಮಾಡುವ ನಾನು ಎದುರಿಗೆ ಕೂತು ಕಾಲು ಕುಣಿಸುವೆ.

ಆ ಸಲ ಬಂದದ್ದು ವಿಕ್ಟೋರಿಯಾ ರಾಣಿಯ ಕಾಲದ ಮೂರು ಇಂಗ್ಲಿಷ್ ಕಾದಂಬರಿಗಳ ಅನುವಾದ. ಮೂಲದಲ್ಲಿ ಎಲ್ಲೆಲ್ಲೂ ‘ಜೆಂಟಲ್‌ಮನ್’. ಅಕ್ಕ ಅದಕ್ಕೆ ಮೂರು ಪದ ಹಾಕಿಸಿದ್ದರು.

“ಮೊದಲನೇದ್ರಲ್ಲಿ ಜಮೀನಿದ್ದು ಮೈ ಬಗ್ಗಿಸದೇ ಇರೋನು ಜೆಂಟಲ್‌ಮನ್. ಅವನು ದೊಡ್ಡ ಮನುಷ್ಯ. ಎರಡನೇದ್ರಲ್ಲಿ ಗಿರಣಿ ಸಾಹುಕಾರ ಕೋಟು ಹೊಲಿಸ್ಕೊಂಡು ಹೆಂಡ್ತಿ ಮಕ್ಕಳ ಸಮೇತ ಆ ಸಾಲಿಗೆ ನುಗ್ತಾನೆ. ಅವನು ಸಭ್ಯ ಗೃಹಸ್ಥ. ಮೂರನೇದ್ರಲ್ಲಿ ಗಡಿಯಾರ ರಿಪೇರಿಯವನು. ಕೈಯೆಲ್ಲ ಎಣ್ಣೆ. ಆದ್ರೆ ತನ್ನ ತಪ್ಪನ್ನ ಇನ್ನೊಬ್ಬರ ತಲೆಗೆ ಕಟ್ಟೋನಲ್ಲ. ಅವನು ಸಂಭಾವಿತ. ಬರೆಯೋರ ಮನಸ್ಸು ಬದಲಾಯ್ತು ಕಣೋ, ಪದ ಮಾತ್ರ ಅದೇ ಉಳೀತು.”

ಅವರು ಕೊನೆಯ ಕರಡಿಗೆ ಸಹಿ ಹಾಕಿದ ಮೇಲೆ ನನಗೆ ಅತಿಬುದ್ಧಿ ಬಂತು. ಒಂದು ಪದಕ್ಕೆ ಮೂರು ವೇಷ ಯಾಕೆಂದು, ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಎಲ್ಲವನ್ನೂ ‘ಸಭ್ಯ ಗೃಹಸ್ಥ’ ಮಾಡಿಬಿಟ್ಟೆ. ಕೊನೆಯ ಅಧ್ಯಾಯದಲ್ಲಿ ಆ ಗಡಿಯಾರದವನು ಹುಡುಗಿಯನ್ನು ಮದುವೆಗೆ ಕೇಳುತ್ತಾನೆ. ಒಬ್ಬ ಓದುಗರು ಪುಸ್ತಕವನ್ನೇ ವಾಪಸು ಕಳಿಸಿದರು. ಅಂಚಿನಲ್ಲಿ ಪೆನ್ಸಿಲ್ ಬರಹ: ‘ಈ ಗೃಹಸ್ಥರ ಮೊದಲ ಹೆಂಡತಿ ಎಲ್ಲಿ?’

ಯಜಮಾನರು ಪುಸ್ತಕವನ್ನು ಅಕ್ಕನ ಮೇಜಿಗೆ ಬಡಿದರು. “ಸಹಿ ನಿಮ್ದೇ ತಾನೇ?”

“ನಂದೇ.”

“ಸಾಕು ಬಿಡಿ. ನಾಳೆಯಿಂದ ಬರೋದು ಬೇಡ.”

ನನ್ನ ಕೆಲಸ ಕಾಯಂ ಆಗಲು ಹನ್ನೆರಡು ದಿನವಿತ್ತು. ಎದ್ದೆ, ಕೂತೆ, ನೀರು ಕುಡಿದೆ, ಮತ್ತೆ ಎದ್ದೆ. ಅಕ್ಕ ಸ್ಕೇಲು, ಕೆಂಪು ಪೆನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದರು. ಹಿಂದೆಯೇ ಓಡಿದೆ.

“ಅಕ್ಕ, ನಾನೇ ಮಾಡಿದ್ದು ಅಂತ ನಿಮ್ಗೆ ಗೊತ್ತಿತ್ತಲ್ಲ? ಯಾಕೆ ಹೇಳ್ಲಿಲ್ಲ?”

“ನೀನೇ ಹೇಳ್ತೀಯೇನೋ ಅಂತ ಕಾಯ್ತಿದ್ದೆ. ಯಜಮಾನ್ರು ಇನ್ನೂ ಒಳಗೇ ಇದಾರೆ, ಹೋಗು.”