ಪಾರ್ವತಿಬಾಯಿಯ ಟಿಕೆಟ್ಟು

ಪಾರ್ವತಿಬಾಯಿಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಬಾಯಿ ಮಾತ್ರ ಜೋರು. ಮಹಾರಾಷ್ಟ್ರದ ಸಂಭಾಜಿನಗರದ ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿ ಸಾಹೇಬರನ್ನೂ ಗದರಿಸುವ ಹೆಂಗಸು. ಬಸ್ಸು ಹತ್ತಿದರೆ ಮಾತ್ರ ಅವರೊಂದು ಗಂಟುಮೂಟೆ. ಈಕೆ ಎಲ್ಲಿ ಇಳಿಯುತ್ತಾರೆಂದು ಕಂಡಕ್ಟರುಗಳೆಲ್ಲ ಗಂಡ ವಿಶ್ವನಾಥಪ್ಪನವರನ್ನೇ ಕೇಳುತ್ತಿದ್ದರು. ಬೀದರಿನ ಆ ಸಾಧು ಮನುಷ್ಯ ಹೇಳಿಬಿಡುತ್ತಿದ್ದರು. ಇಳಿದ ಮೇಲೆ ಸ್ಟ್ಯಾಂಡಿನಲ್ಲೇ ಕುರುಕ್ಷೇತ್ರ.

"ನಂಗ ಕಣ್ಣಿಲ್ರಿ, ಬಾಯಿ ಅದ! ನೀವ್ಯಾಕ ನಡುವ ಬರ್ತೀರಿ?"

"ಆಯ್ತು ತಗಿ, ಮುಂದಿನ ಸಲ ನೀನೇ ಹೇಳು."

ಮುಂದಿನ ಸಲವೂ ಅವರೇ ಹೇಳುತ್ತಿದ್ದರು.

ಶ್ರಾವಣದಲ್ಲಿ ವಿಶ್ವನಾಥಪ್ಪ ತೀರಿಕೊಂಡರು. ಮನೆಯಲ್ಲಿ ಜಗಳಕ್ಕೂ ಜನವಿಲ್ಲದಂತಾಯಿತು. ನಾಶಿಕದ ತಮ್ಮ ರವಿಕಾಂತ ಬೆನ್ನುಬಿದ್ದ: "ಅಕ್ಕಾ, ನೌಕರಿ ಬಿಟ್ಟು ನಮ್ಮ ಮನಿಗಿ ಬಂದ್ಬಿಡು. ಒಬ್ಬಾಕಿ ಹ್ಯಾಂಗ ಓಡಾಡ್ತಿ?" ಪಾರ್ವತಿಬಾಯಿ ಪಟ್ಟು ಬಿಡಲಿಲ್ಲ. ದೀಪಾವಳಿಗೆ ಒಬ್ಬಳೇ ಬರುತ್ತೇನೆ, ಬಂದರೆ ನೌಕರಿ ಬಿಡುವ ಮಾತು ಮತ್ತೆ ಎತ್ತಬಾರದು ಎಂದರು. ಬರಲಾಗದಿದ್ದರೆ ಗಂಟುಮೂಟೆ ಕಟ್ಟುವುದೆಂದೂ ಒಪ್ಪಿದರು.

ದೀಪಾವಳಿಗೆ ಹೊರಟಾಗ ಹೊಸ ಬಸ್ಸು ಬಂದಿತ್ತು. ಮೆಟ್ಟಿಲು ತಗ್ಗು, ಬಾಗಿಲಲ್ಲೇ ಹಿಡಿಕೆ, ಮುಂದಿನ ಊರು ಯಾವುದೆಂದು ಹೇಳುವ ಧ್ವನಿ. ಪಾರ್ವತಿಬಾಯಿ ಯಾರ ಕೈಯನ್ನೂ ಹಿಡಿಯದೆ ಹತ್ತಿ, ಕೋಲು ಮಡಚಿ, ಮೊದಲ ಸೀಟಿನಲ್ಲಿ ಕೂತರು. ಅರ್ಧ ಗೆದ್ದಂತೆಯೇ! ಯಾರಿಗಾದರೂ ಹೇಳಬೇಕೆನಿಸಿತು. ಪಕ್ಕದ ಸೀಟು ಖಾಲಿಯಿತ್ತು.

ಕಂಡಕ್ಟರ್ ಹೊಸ ಹುಡುಗಿ. ಟ್ರೇನಿಂಗಿನಲ್ಲಿ ಕಲಿಸಿದ್ದರೇನೋ, ಅಕ್ಕಪಕ್ಕದವರನ್ನು ವಿಚಾರಿಸದೆ ನೇರವಾಗಿ ಇವರನ್ನೇ ಕೇಳಿದಳು: "ಮಾವಶಿ, ತುಮ್ಹಿ ಕುಠೇ ಉತರಣಾರ್?" ಚಿಕ್ಕಮ್ಮ, ನೀವು ಎಲ್ಲಿ ಇಳೀತೀರಿ ಅಂತ.

ಇಷ್ಟು ವರ್ಷ ಗಂಡನ ಜೀವ ತಿಂದದ್ದು ಈ ಒಂದು ಪ್ರಶ್ನೆಗಾಗಿ. ಪಾರ್ವತಿಬಾಯಿಯ ಮುಖ ಪಕ್ಕದ ಸೀಟಿನ ಕಡೆ ತಿರುಗಿತು. ಹುಡುಗಿ ಇನ್ನೊಮ್ಮೆ ಕೇಳಿದಳು. ಆಗ ಅವರಿಗೆ ಗೊತ್ತಾಯಿತು, ವಿಶ್ವನಾಥಪ್ಪ ಹೇಳಲಿ ಎಂದು ತಾನು ಕಾಯುತ್ತಿದ್ದೇನೆ ಅಂತ.

"ನಾಶಿಕ್," ಎಂದರು. ದನಿ ಅವರದೇ ಅನ್ನಿಸಲಿಲ್ಲ.

"ಸೋಬತ್ ಕೋಣ್?" ಜೊತೆಗೆ ಯಾರು? ಕಣ್ಣಿಲ್ಲದವರ ಜೊತೆಗಾರರಿಗೂ ಟಿಕೆಟ್ಟಿನಲ್ಲಿ ರಿಯಾಯಿತಿ ಇರುವುದರಿಂದ ಅದನ್ನೂ ಕೇಳಲೇಬೇಕು.

"ಯಾರೂ ಇಲ್ಲವ್ವ," ಎಂದು ಕನ್ನಡದಲ್ಲೇ ಹೇಳಿಬಿಟ್ಟರು. ಹುಡುಗಿಗೆ ತಿಳಿಯಲಿಲ್ಲ. ಅದೇ ಮಾತನ್ನು ಅವರು ಮರಾಠಿಯಲ್ಲಿ ಇನ್ನೊಮ್ಮೆ ಹೇಳಬೇಕಾಯಿತು.